ಅದು ತಾನಾಗೇ ಹೋಗಲಿಲ್ಲ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಹಳೇ ಗಿರಣಿಗಳಲ್ಲಿ ದುಡಿದ ಮಕ್ಕಳಿಗಾಗಿ ತುಂಬಾ ಮರುಗಿದ್ದೀರಿ. ಗಿರಣಿ ಬರುವ ಮೊದಲೂ ಮಕ್ಕಳು ಹೊಲದಲ್ಲಿ, ಮಗ್ಗದ ಪಕ್ಕದಲ್ಲಿ ದುಡಿಯುತ್ತಿದ್ದರಲ್ಲವೇ? ಗಿರಣಿಯಲ್ಲಿ ಕೂಲಿಯಾದರೂ ಸಿಕ್ಕಿತು. ದೇಶ ಶ್ರೀಮಂತವಾದ ಮೇಲೆ ಆ ಪದ್ಧತಿ ತಾನಾಗೇ ಹೋಯಿತು, ಕಾನೂನಿನಿಂದ ಏನೂ ಆಗಲಿಲ್ಲ ಅಂತ ಅರ್ಥಶಾಸ್ತ್ರ ಓದುತ್ತಿರುವ ನನ್ನ ಮಗ ಹೇಳುತ್ತಾನೆ. ನೀವೇನಂತೀರಿ?"

ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿನಿಂದಲೇ ಈ ಪ್ರಶ್ನೆ ಬಂದದ್ದು ನನಗೆ ಖುಷಿ. ಮನೆಯಲ್ಲಿ ಅಪ್ಪ ಮಗ ಕೂತು ಇಂಥ ವಿಷಯ ಮಾತಾಡುತ್ತೀರಿ ಅನ್ನೋದು ಇನ್ನೂ ಖುಷಿ. ನಿಮ್ಮ ಮಗ ಹೇಳಿದ್ದರಲ್ಲಿ ಒಂದು ಮಾತು ನಿಜ. ಮಕ್ಕಳ ದುಡಿಮೆ ಗಿರಣಿಯಿಂದ ಹುಟ್ಟಿದ್ದಲ್ಲ. ಅಲ್ಲಿನ ನೇಕಾರರ ಮನೆಗಳಲ್ಲೂ ಚಿಕ್ಕ ಮಕ್ಕಳು ನೂಲು ಸುತ್ತುತ್ತಿದ್ದರು. ಆದರೆ ಮಗು ತೂಕಡಿಸಿದರೆ ಮನೆಯಲ್ಲಿ ತಾಯಿ ಎತ್ತಿ ಮಲಗಿಸಿಯಾಳು. ಗಿರಣಿಯಲ್ಲಿ ತೂಕಡಿಸಿದ ಮಗುವಿಗೆ ಬೀಳುತ್ತಿದ್ದದ್ದು ಚರ್ಮದ ಪಟ್ಟಿಯ ಏಟು.

ಎಲಿಜಬೆತ್ ಬೆಂಟ್ಲಿ ಅಂತ ಲೀಡ್ಸ್ ನಗರದ ಹೆಣ್ಣುಮಗಳು. 1832ರಲ್ಲಿ ಗಿರಣಿ ಮಕ್ಕಳ ದುಡಿಮೆ ವಿಚಾರಿಸುತ್ತಿದ್ದ ಮೈಕೆಲ್ ಸ್ಯಾಡ್ಲರ್ ಅವರ ಸಂಸದೀಯ ಸಮಿತಿಯ ಮುಂದೆ ಸಾಕ್ಷಿ ಹೇಳಿದಾಗ ಅವಳಿಗೆ 23 ವರ್ಷ. ಅಗಸೆ ನಾರಿನ ಗಿರಣಿಗೆ ಸೇರಿದ್ದು 6ನೇ ವಯಸ್ಸಿನಲ್ಲಿ. ಯಂತ್ರದಲ್ಲಿ ಬಾಬಿನ್, ಅಂದರೆ ನೂಲು ಸುತ್ತಿಕೊಳ್ಳುವ ಉರುಳೆ, ತುಂಬಿದ ತಕ್ಷಣ ಯಂತ್ರ ನಿಲ್ಲಿಸಬೇಕು, ತುಂಬಿದ್ದನ್ನು ತೆಗೆಯಬೇಕು, ಖಾಲಿಯದನ್ನು ಸಿಕ್ಕಿಸಿ ಮತ್ತೆ ಓಡಿಸಬೇಕು. ಅಷ್ಟರಲ್ಲಿ ಇನ್ನೊಂದು ತುಂಬಿರುತ್ತೆ. ಕೆಲಸ ಜಾಸ್ತಿ ಇದ್ದಾಗ ಬೆಳಿಗ್ಗೆ 5ರಿಂದ ರಾತ್ರಿ 9ರವರೆಗೆ ಇದೇ. ಮಧ್ಯಾಹ್ನ ಊಟಕ್ಕೆ 40 ನಿಮಿಷ. ತಿಂಡಿಗೆ ಅಂತ ಬೇರೆ ಬಿಡುವಿಲ್ಲ. ತಿನ್ನಲಾಗದೆ ಉಳಿದ ಬುತ್ತಿಯನ್ನು ಮೇಸ್ತ್ರಿ ತನ್ನ ಹಂದಿಗಳಿಗೆ ಹಾಕುತ್ತಿದ್ದನಂತೆ.

ಗಿರಣಿ ಮನೆಯಿಂದ 2 ಮೈಲಿ. ಮನೆಯಲ್ಲಿ ಗಡಿಯಾರ ಇರಲಿಲ್ಲ. ತಡವಾದರೆ ಕೂಲಿ ಕಡಿತ, ಹುಡುಗರಿಗೆ ಏಟೂ. ಹಾಗಾಗಿ ಒಮ್ಮೊಮ್ಮೆ ರಾತ್ರಿ 2 ಗಂಟೆಗೇ, ಸುರಿಯುವ ಮಳೆಯಲ್ಲಿ, ಹೊರಟುಬಿಟ್ಟಿರುತ್ತಿದ್ದರು. ಬಾಗಿಲು ತೆರೆಯುವ ತನಕ ಕಾಯಬೇಕು. ಈ ಸಾಕ್ಷ್ಯ ಎಷ್ಟು ಸಲ ಓದಿದರೂ ಆ ಗಡಿಯಾರವಿಲ್ಲದ ಮನೆಯ ಹತ್ತಿರ ಬಂದಾಗ ನನಗೆ ಮುಂದೆ ಹೋಗಲಾಗುವುದಿಲ್ಲ.

ಈಗ ನಿಮ್ಮ ಮಗನ ವಾದಕ್ಕೆ ಬರೋಣ. ಗಿರಣಿ ಮಕ್ಕಳ ದುಡಿಮೆಯ ವಿರುದ್ಧ ಎದ್ದ ಚಳವಳಿಗೆ ಕಿಡಿ ಹಚ್ಚಿದ್ದು ಏನು ಗೊತ್ತಾ? ಪತ್ರಿಕೆಗೆ ಬಂದ ಒಂದು ಓಲೆ. ನಿಮ್ಮ ಓಲೆಯ ಹಾಗೇ! 1830ರ ಅಕ್ಟೋಬರಿನಲ್ಲಿ ಯಾರ್ಕ್‌ಶೈರಿನ ಜಮೀನೊಂದರ ಮೇಲ್ವಿಚಾರಕ ರಿಚರ್ಡ್ ಓಸ್ಟ್ಲರ್ ಬರೆದದ್ದನ್ನು 'ಲೀಡ್ಸ್ ಮರ್ಕ್ಯುರಿ' ಪ್ರಕಟಿಸಿತು. ದೂರದ ದ್ವೀಪಗಳ ಗುಲಾಮರಿಗಾಗಿ ಸಭೆ ಮಾಡುತ್ತೀರಿ, ನಮ್ಮ ಯಾರ್ಕ್‌ಶೈರಿನಲ್ಲೇ 7ರಿಂದ 14 ವರ್ಷದ ಸಾವಿರಾರು ಮಕ್ಕಳು ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ದುಡಿಯುತ್ತಿದ್ದಾರೆ, ಉಣ್ಣಲು ಅರ್ಧ ಗಂಟೆ ಮಾತ್ರ ಬಿಡುವು, ಅಂತ. ಆಮೇಲೆ ಸಭೆಗಳು, ಮನವಿಗಳು, ಮೆರವಣಿಗೆಗಳು. ಇದರಲ್ಲಿ ತಾನಾಗೇ ಆದದ್ದು ಯಾವುದು ಹೇಳಿ?

ಬರೀ ಕಾಗದದ ಕಾನೂನಿನಿಂದ ಏನೂ ಆಗಲ್ಲ ಅನ್ನೋದನ್ನು ನಾನೂ ಒಪ್ಪುತ್ತೇನೆ. 1802ರಲ್ಲಿ ಒಂದು ಕಾಯ್ದೆ ಬಂತು, 1819ರಲ್ಲಿ ಇನ್ನೊಂದು. ಸರಿಯಾಗಿ ನೋಡಿಕೊಳ್ಳುವವರೇ ಇರಲಿಲ್ಲ. 1833ರ ಕಾಯ್ದೆ ಹಾಗಲ್ಲ. ಹೆಚ್ಚಿನ ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನವರು ಬೇಡ, 13ರ ಒಳಗಿನವರಿಗೆ ವಾರಕ್ಕೆ 48 ಗಂಟೆ ಮೀರಬಾರದು ಅಂದಿತು. ಜೊತೆಗೆ ಸರ್ಕಾರವೇ ಸಂಬಳ ಕೊಡುವ ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಇಡೀ ದೇಶಕ್ಕೆ ನಾಲ್ಕೇ ಜನ. ಆದರೂ ಬಾಗಿಲು ತಟ್ಟುವವರು ಅಂತ ಆದರು. ಮಗುವಿನ ವಯಸ್ಸು ತಿಳಿಯುವುದೇ ಕಷ್ಟ, ಯಾಕೆಂದರೆ ಅಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದೇ 1837ರಲ್ಲಿ. ಹಲ್ಲು ಎಣಿಸಿ ವಯಸ್ಸು ಹೇಳುವ ವಿಧಾನವನ್ನು ಎಡ್ವಿನ್ ಸಾಂಡರ್ಸ್ ಎಂಬ ದಂತವೈದ್ಯರು ಆಗಲೇ ಮುಂದಿಟ್ಟರು.

ಅದೇ 1837ರಲ್ಲಿ ಆಕ್ಸ್‌ಫರ್ಡಿನ ಅರ್ಥಶಾಸ್ತ್ರಜ್ಞ ನಸ್ಸಾ ಸೀನಿಯರ್, ಲಾಭ ಬರುವುದೇ ದಿನದ ಕೊನೆಯ ಗಂಟೆಯಲ್ಲಿ, ಅದನ್ನು ಕಿತ್ತರೆ ಗಿರಣಿ ಉಳಿಯಲ್ಲ ಅಂತ ವಾದಿಸಿದರು. 1847ರಲ್ಲಿ ಹೆಂಗಸರಿಗೂ 18ರೊಳಗಿನವರಿಗೂ 10 ಗಂಟೆಯ ಮಿತಿ ಬಂತು. ಗಿರಣಿಗಳು ಮುಳುಗಲಿಲ್ಲ, ಬೆಳೆದವು. ಇನ್ನು ಶ್ರೀಮಂತಿಕೆ. ಬ್ರಿಟನ್ ಲೋಕದ ದೊಡ್ಡ ಸಿರಿವಂತ ದೇಶಗಳಲ್ಲಿ ಒಂದಾಗಿದ್ದ ಕಾಲದಲ್ಲೂ ಲ್ಯಾಂಕಶೈರಿನ ಮಕ್ಕಳು ಅರ್ಧ ದಿನ ಶಾಲೆ, ಅರ್ಧ ದಿನ ಗಿರಣಿ ಅಂತ ಬದುಕುತ್ತಿದ್ದರು. ಆ ಪದ್ಧತಿಗೆ ಕೊನೆ ಹಾಡಿದ್ದು 1918ರ ಶಿಕ್ಷಣ ಕಾಯ್ದೆ. ಹಣ ಯಾವತ್ತೋ ಬಂದಿತ್ತು, ಮಕ್ಕಳು ಮಾತ್ರ ಗಿರಣಿಯಲ್ಲೇ ಇದ್ದರು. ಇದನ್ನು ನಿಮ್ಮ ಮಗನಿಗೆ ದಯವಿಟ್ಟು ಹೇಳಿ. ಹುಡುಗ ಜಾಣ, ಯೋಚಿಸುತ್ತಾನೆ.

ನನ್ನ ನಿಜವಾದ ಸಂಕಟ ಬೇರೆ ಇದೆ. ಶಾಲೆಯಲ್ಲಿ ಕೈಗಾರಿಕಾ ಕ್ರಾಂತಿ ಅಂದರೆ ನಾವೆಲ್ಲ ಬಾಯಿಪಾಠ ಮಾಡಿದ್ದು ಯಂತ್ರ ಮಾಡಿದವರ ಹೆಸರು: ಹಾರ್ಗ್ರೀವ್ಸ್, ಆರ್ಕ್‌ರೈಟ್, ಜೇಮ್ಸ್ ವಾಟ್. ಒಂದೊಂದಕ್ಕೆ ಒಂದೊಂದು ಅಂಕ. ಆ ಯಂತ್ರಗಳ ಕೆಳಗೆ ತೆವಳಿ ಹತ್ತಿ ಆಯ್ದ ಒಂದು ಮಗುವಿನ ಹೆಸರನ್ನೂ ಯಾರೂ ಹೇಳಿಕೊಡಲಿಲ್ಲ. ಗಣಿಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ 1842ರಲ್ಲಿ ಬಂದ ಸರ್ಕಾರಿ ವರದಿಯಲ್ಲಿ 8 ವರ್ಷದ ಸಾರಾ ಗೂಡರ್ ಇದ್ದಾಳೆ. ಕತ್ತಲ ಸುರಂಗದಲ್ಲಿ ಬಾಗಿಲು ತೆರೆದು ಮುಚ್ಚುವುದು ಅವಳ ಕೆಲಸ. ಬೆಳಕಿದ್ದರೆ ಒಮ್ಮೊಮ್ಮೆ ಹಾಡುತ್ತೇನೆ, ಕತ್ತಲಲ್ಲಿ ಹಾಡಲು ಧೈರ್ಯ ಬರಲ್ಲ ಅಂದಳು. ಕೇಳಲು ಬಂದವರು ಅದನ್ನು ಬರೆದುಕೊಂಡರು. ಆ ವರದಿ ಬಂದ ವರ್ಷವೇ ಹೆಣ್ಣುಮಕ್ಕಳನ್ನೂ 10 ವರ್ಷದೊಳಗಿನ ಗಂಡುಮಕ್ಕಳನ್ನೂ ಗಣಿಯೊಳಗೆ ದುಡಿಸುವುದಕ್ಕೆ ನಿಷೇಧ ಬಂತು.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿ ಕೊನೆಯ ಹೋಟೆಲಿನಲ್ಲಿ ನನ್ನ ವಯಸ್ಸಿನದೇ ಹುಡುಗನಿದ್ದ. ಲೋಟ ತೊಳೆದು ತೊಳೆದು ಅವನ ಬೆರಳ ಸಂದಿ ಬೆಳ್ಳಗೆ ಬಿರಿದಿತ್ತು. ಎಲ್ಲರೂ "ಏ ಮಾಣಿ" ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. "ಊಟವಾದರೂ ಸಿಗುತ್ತಲ್ಲ" ಅಂತ ದೊಡ್ಡವರು ಹೇಳುತ್ತಿದ್ದರು. ನಿಮ್ಮ ಪತ್ರದ "ಕೂಲಿಯಾದರೂ ಸಿಕ್ಕಿತು" ಓದಿದಾಗ ನೆನಪಾದದ್ದು ಅವನ ಬೆರಳುಗಳು. ಮೂರು ವರ್ಷ ಅವನ ಕೈಯಿಂದ ಕಾಫಿ ಕುಡಿದಿದ್ದೇನೆ, ಹೆಸರು ಕೇಳಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಎಲಿಜಬೆತ್ ಬೆಂಟ್ಲಿಯ ಸಾಕ್ಷ್ಯವನ್ನು ಕನ್ನಡದಲ್ಲಿ ಹಾಕುತ್ತಿದ್ದೇವೆ. ಪ್ರಶ್ನೆ, ಉತ್ತರ, ಅವಳು ಹೇಳಿದ ಹಾಗೇ. ಅಪ್ಪ ಮಗ ಇಬ್ಬರೂ ಕೂತು ಓದಿ. ಆಮೇಲೂ ನಿಮ್ಮ ವಾದ ಅದೇ ಆಗಿದ್ದರೆ ಬರೆಯಿರಿ, ಅದನ್ನೂ ಖಂಡಿತ ಪ್ರಕಟಿಸುತ್ತೇನೆ.

ಸಂಪಾದಕ