ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬಿದ್ದದ್ದು ಹೇಗೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನ ಕ್ಲಾಸ್ ಮತ್ತು ಆಬ್ಜೆಕ್ಟ್ ಬಗ್ಗೆ ಕೇಳಿದವೇ ಜಾಸ್ತಿ. ಕ್ಲಾಸ್ ಅಂದರೆ ಒಂದು ನಮೂನೆ, ಅದರಿಂದ ಮಾಡಿಕೊಂಡ ಒಂದೊಂದೂ ಆಬ್ಜೆಕ್ಟ್. ಐದನ್ನು ಆರಿಸಿಕೊಂಡಿದ್ದೇನೆ. ಮೊದಲೇ ಒಂದು ಮಾತು: ಕೋಡ್ ಸಾಲುಗಳನ್ನು ಓದೋಕೆ ಸುಲಭವಾಗಲಿ ಅಂತ ಪೂರ್ತಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಕ್ಲಾಸ್, ಡೆಫ್, ರಿಟರ್ನ್, ಇನಿಟ್, ಅಪೆಂಡ್, ಸಮ್ ಇವೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಆದರೆ ಖಾತೆ, ಹಾಲು, ಲೀಟರ್ ಅಂತ ನಾವು ಇಡುವ ಹೆಸರುಗಳನ್ನು ಕನ್ನಡದಲ್ಲೇ ಬಿಡಬಹುದು. ಪೈಥಾನ್ 3 ಅದನ್ನು ಒಪ್ಪುತ್ತದೆ.

ಪ್ರಶ್ನೆ: ನಾನು ಬಿಸಿಎ ಎರಡನೇ ವರ್ಷ. ಅಮ್ಮ ದಿನಾ ಡೈರಿಗೆ ಹಾಲು ಹಾಕುತ್ತಾರೆ. ಆ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆದೆ. ಒಬ್ಬರ ಖಾತೆಗೆ ಹಾಕಿದ ಹಾಲು ಎಲ್ಲರ ಖಾತೆಯಲ್ಲೂ ಕಾಣಿಸುತ್ತಿದೆ. ಎರರ್ ಏನೂ ಬರುತ್ತಿಲ್ಲ. ತಪ್ಪೆಲ್ಲಿದೆ?

ನೀವು ಕಳಿಸಿದ ಕೋಡ್‌ನ ಮುಖ್ಯ ಭಾಗ ಇಷ್ಟು:

ಕ್ಲಾಸ್ ಖಾತೆ:
    ಹಾಲು = []
    ಡೆಫ್ __ಇನಿಟ್__(ಸೆಲ್ಫ್, ಹೆಸರು):
        ಸೆಲ್ಫ್.ಹೆಸರು = ಹೆಸರು
    ಡೆಫ್ ಹಾಕು(ಸೆಲ್ಫ್, ಲೀಟರ್):
        ಸೆಲ್ಫ್.ಹಾಲು.ಅಪೆಂಡ್(ಲೀಟರ್)
    ಡೆಫ್ ಒಟ್ಟು(ಸೆಲ್ಫ್):
        ರಿಟರ್ನ್ ಸಮ್(ಸೆಲ್ಫ್.ಹಾಲು)

ಇದರಿಂದ ಮೇಲಿನಮನೆ, ಕೆಳಗಿನಮನೆ ಅಂತ ಎರಡು ಖಾತೆ ಮಾಡಿದ್ದೀರಿ. ಒಂದಕ್ಕೆ 4.5 ಲೀಟರ್, ಇನ್ನೊಂದಕ್ಕೆ 5 ಲೀಟರ್ ಹಾಕಿದ್ದೀರಿ. ಒಟ್ಟು ಕೇಳಿದರೆ ಎರಡೂ 9.5 ಅನ್ನುತ್ತವೆ.

ತಪ್ಪಿರುವುದು ಎರಡನೇ ಸಾಲಿನಲ್ಲಿ. ಆ ಖಾಲಿ ಲಿಸ್ಟ್ (ಪಟ್ಟಿ), ಹೊಸ ಆಬ್ಜೆಕ್ಟ್ ಮಾಡಿದಾಗೆಲ್ಲ ಓಡುವ ಇನಿಟ್ ಒಳಗಿಲ್ಲ, ಕ್ಲಾಸಿನ ಮೈಮೇಲೇ ಇದೆ. ಪೈಥಾನ್ ಆ ಸಾಲನ್ನು ಓಡಿಸುವುದು ಒಂದೇ ಸಲ, ಕ್ಲಾಸ್ ತಯಾರಾಗುವಾಗ. ಹಾಗಾಗಿ ಲಿಸ್ಟ್ ಇರುವುದೂ ಒಂದೇ. ಊರಿಗೆಲ್ಲ ಒಂದೇ ಕ್ಯಾನ್ ಇಟ್ಟ ಹಾಗೆ.

ಸರಿ, ಸೆಲ್ಫ್.ಹಾಲು, ಅಂದರೆ ಈ ಖಾತೆಯ ಹಾಲು, ಅಂತ ಸ್ಪಷ್ಟವಾಗಿ ಬರೆದಿದ್ದೀರಲ್ಲ, ಮತ್ತೆ ಯಾಕೆ ಹೀಗಾಯಿತು? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಸೆಲ್ಫ್.ಹಾಲು ಎಲ್ಲಿ ಅಂತ ಕೇಳಿದಾಗ ಪೈಥಾನ್ ಮೊದಲು ಆ ಆಬ್ಜೆಕ್ಟಿನ ಒಳಗೆ ಹುಡುಕುತ್ತದೆ. ಸಿಗಲಿಲ್ಲ ಅಂದರೆ ಅದರ ಕ್ಲಾಸಿನಲ್ಲಿ ಹುಡುಕುತ್ತದೆ. ನಿಮ್ಮ ಆಬ್ಜೆಕ್ಟಿನಲ್ಲಿ ಹಾಲು ಇಲ್ಲವೇ ಇಲ್ಲ. ನಂಬಿಕೆ ಬರದಿದ್ದರೆ ಪ್ರಿಂಟ್(ವಾರ್ಸ್(ಮೇಲಿನಮನೆ)) ಅಂತ ಕೊಟ್ಟು ನೋಡಿ. ಆಬ್ಜೆಕ್ಟ್ ತನ್ನದು ಅಂತ ಏನೇನು ಇಟ್ಟುಕೊಂಡಿದೆಯೋ ಅಷ್ಟನ್ನೂ ವಾರ್ಸ್ ತೋರಿಸುತ್ತದೆ. ಹೆಸರು ಒಂದೇ ಬರುತ್ತದೆ. ಹಾಲು ಕ್ಲಾಸಿನಲ್ಲಿ ಸಿಕ್ಕಿತು, ಅಪೆಂಡ್ ಅಲ್ಲಿಗೇ ಹೋಗಿ ಸೇರಿಸಿತು.

ಹೆಸರು ಯಾಕೆ ಬೆರೆಯಲಿಲ್ಲ ಅಂದರೆ, ಅಲ್ಲಿ ಸಮ ಚಿಹ್ನೆ ಇದೆ. ಸೆಲ್ಫ್.ಹೆಸರು = ಏನೋ ಒಂದು, ಅಂತ ಬರೆದಾಗ ಪೈಥಾನ್ ಹುಡುಕುವುದಿಲ್ಲ, ಆ ಆಬ್ಜೆಕ್ಟಿನೊಳಗೇ ಹೊಸದಾಗಿ ಇಡುತ್ತದೆ. ಓದುವಾಗ ಕ್ಲಾಸ್‌ವರೆಗೂ ಹೋಗುತ್ತದೆ, ಬರೆಯುವಾಗ ಆಬ್ಜೆಕ್ಟಿನಲ್ಲೇ ನಿಲ್ಲುತ್ತದೆ.

ಆದ್ದರಿಂದ ಎರಡನೇ ಸಾಲನ್ನು ಅಳಿಸಿ, ಇನಿಟ್ ಒಳಗೆ ಸೆಲ್ಫ್.ಹಾಲು = [] ಅಂತ ಹಾಕಿ. ಇನಿಟ್ ಪ್ರತಿ ಹೊಸ ಖಾತೆಗೂ ಓಡುತ್ತದೆ, ಪ್ರತಿಯೊಬ್ಬರಿಗೂ ಬೇರೆ ಲಿಸ್ಟ್ ಸಿಗುತ್ತದೆ.

ಈ ತಪ್ಪು ಎಷ್ಟು ಕಳ್ಳ ಅಂದರೆ, ಲಿಸ್ಟ್ ಬದಲು ಸಂಖ್ಯೆ ಇದ್ದಿದ್ದರೆ ನಿಮಗೆ ಗೊತ್ತೇ ಆಗುತ್ತಿರಲಿಲ್ಲ. ಕ್ಲಾಸಿನಲ್ಲಿ ಮೊತ್ತ = 0 ಇಟ್ಟು, ಆಮೇಲೆ ಸೆಲ್ಫ್.ಮೊತ್ತ += 4.5 ಅಂದರೆ, ಓದುವ 0 ಕ್ಲಾಸಿನಿಂದ ಬರುತ್ತದೆ, ಬರೆಯುವ 4.5 ಆಬ್ಜೆಕ್ಟಿಗೆ ಹೋಗುತ್ತದೆ. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಹೀಗೆ ಅಭ್ಯಾಸವಾದವರು ಒಂದು ದಿನ ಸಂಖ್ಯೆ ಇದ್ದ ಜಾಗದಲ್ಲಿ ಲಿಸ್ಟ್ ಇಟ್ಟಾಗ ಸಿಕ್ಕಿಬೀಳುತ್ತಾರೆ. ನಾನೂ ಹಾಗೇ ಸಿಕ್ಕಿಬಿದ್ದು ಒಂದು ಸಂಜೆ ಪೂರ್ತಿ ಕಳೆದಿದ್ದೇನೆ.

ಇದರ ತಮ್ಮನಂಥ ಇನ್ನೊಂದು ತಪ್ಪಿದೆ. ಡೆಫ್ __ಇನಿಟ್__(ಸೆಲ್ಫ್, ಹೆಸರು, ಹಾಲು=[]) ಅಂತ ಬರೆದು, ಕೆಳಗೆ ಸೆಲ್ಫ್.ಹಾಲು = ಹಾಲು ಅನ್ನುವುದು. ಆ ಖಾಲಿ ಲಿಸ್ಟ್ ಕೂಡ ಡೆಫ್ ಸಾಲು ಓಡಿದಾಗ ಒಂದೇ ಸಲ ಹುಟ್ಟುತ್ತದೆ. ಮತ್ತೆ ಎಲ್ಲರಿಗೂ ಅದೇ ಕ್ಯಾನ್.

ಹಾಗಂತ ಕ್ಲಾಸಿನ ಮೈಮೇಲೆ ಏನನ್ನೂ ಇಡಬಾರದು ಅಂತಲ್ಲ. ಎಲ್ಲರಿಗೂ ಒಂದೇ ಆಗಿರುವುದನ್ನು ಅಲ್ಲೇ ಇಡಬೇಕು. ಲೀಟರ್ ದರ ಹಾಗೆ. ಖಾತೆ.ದರ ಬದಲಿಸಿದರೆ ಎಲ್ಲ ಖಾತೆಗೂ ಹೊಸ ದರ. ಆದರೆ ಮೇಲಿನಮನೆ.ದರ ಅಂತ ಬದಲಿಸಿಬಿಟ್ಟರೆ ಆ ಮನೆಗೆ ಮಾತ್ರ ಸ್ವಂತ ದರ ಬಂದು ಕೂರುತ್ತದೆ. ಮುಂದೆ ಊರಿಗೆಲ್ಲ ದರ ಏರಿದರೂ ಅವರಿಗೆ ಏರುವುದಿಲ್ಲ.

ಪ್ರಶ್ನೆ: ಕ್ಲಾಸ್ ಅಂದರೆ ಇಡ್ಲಿ ತಟ್ಟೆ, ಆಬ್ಜೆಕ್ಟ್ ಅಂದರೆ ಇಡ್ಲಿ ಅಂತ ನಮ್ಮ ಮೇಷ್ಟ್ರು ಹೇಳಿಕೊಟ್ಟರು. ಈ ಹೋಲಿಕೆ ಸರಿನಾ?

ಮೊದಲ ದಿನಕ್ಕೆ ಸರಿ. ಒಂದು ತಟ್ಟೆ, ಹಲವು ಇಡ್ಲಿ, ಒಂದು ಇಡ್ಲಿಗೆ ಚಟ್ನಿ ಹಾಕಿದರೆ ಇನ್ನೊಂದಕ್ಕೆ ತಾಗಲ್ಲ. ಇಷ್ಟು ಅರ್ಥವಾಗುತ್ತದೆ.

ಎರಡನೇ ದಿನ ಇದೇ ಹೋಲಿಕೆ ದಾರಿ ತಪ್ಪಿಸುತ್ತದೆ. ಬೆಂದ ಇಡ್ಲಿಗೆ ತಟ್ಟೆಯ ಹಂಗಿಲ್ಲ. ತಟ್ಟೆ ಜಜ್ಜಿಹೋದರೂ ಇಡ್ಲಿ ಇದ್ದ ಹಾಗೇ ಇರುತ್ತದೆ. ಪೈಥಾನ್ ಆಬ್ಜೆಕ್ಟ್ ಹಾಗಲ್ಲ. ಮೇಲೆ ನೋಡಿದಿರಲ್ಲ, ತನ್ನಲ್ಲಿ ಇಲ್ಲದ್ದಕ್ಕೆಲ್ಲ ಅದು ಕ್ಲಾಸ್ ಕಡೆ ತಿರುಗುತ್ತಲೇ ಇರುತ್ತದೆ. ಹಾಕು, ಒಟ್ಟು ಅನ್ನುವ ಮೆಥಡ್‌ಗಳೂ (ಕ್ಲಾಸಿನೊಳಗೆ ಬರೆದ ಫಂಕ್ಷನ್‌ಗಳು) ಆಬ್ಜೆಕ್ಟಿನೊಳಗೆ ಇಲ್ಲ, ಕ್ಲಾಸಿನಲ್ಲಿವೆ. ಪ್ರೋಗ್ರಾಂ ಓಡುತ್ತಿರುವಾಗಲೇ ಖಾತೆ ಕ್ಲಾಸಿಗೆ ಸರಾಸರಿ ಅನ್ನುವ ಹೊಸ ಮೆಥಡ್ ಸೇರಿಸಿ ನೋಡಿ. ಮೊದಲೇ ಮಾಡಿಟ್ಟ ಮೇಲಿನಮನೆಗೂ ಅದು ಬಂದುಬಿಡುತ್ತದೆ. ಬೆಂದ ಇಡ್ಲಿ ಹೀಗೆ ಆಕಾರ ಬದಲಿಸುತ್ತಾ?

ಕೋಡನ್ನು ಸೆಲ್ ಅನ್ನುವ ತುಂಡು ತುಂಡಾಗಿ ಓಡಿಸುವ ಜುಪಿಟರ್ ನೋಟ್‌ಬುಕ್ ಬಳಸುವವರಿಗೆ ಇಲ್ಲೊಂದು ಎಚ್ಚರಿಕೆ. ಕ್ಲಾಸ್ ಇರುವ ಸೆಲ್ ತಿದ್ದಿ ಮತ್ತೆ ಓಡಿಸಿದರೆ ಹಳೇ ಕ್ಲಾಸ್ ತಿದ್ದಿದಂತೆ ಆಗುವುದಿಲ್ಲ. ಅದೇ ಹೆಸರಿನ ಹೊಸ ಕ್ಲಾಸ್ ಹುಟ್ಟುತ್ತದೆ. ಮೊದಲೇ ಮಾಡಿದ ಆಬ್ಜೆಕ್ಟುಗಳು ಹಳೇ ಕ್ಲಾಸಿಗೇ ಅಂಟಿಕೊಂಡಿರುತ್ತವೆ. "ತಿದ್ದಿದ್ದೇನೆ, ಆದರೂ ಹಳೇ ಉತ್ತರವೇ ಬರ್ತಿದೆ" ಅನ್ನುವವರು ಆಬ್ಜೆಕ್ಟುಗಳನ್ನೂ ಹೊಸದಾಗಿ ಮಾಡಿಕೊಳ್ಳಬೇಕು.

ಪ್ರಶ್ನೆ: ಸೆಲ್ಫ್ ಯಾಕೆ ಬೇಕು? ಅದನ್ನು ಬಿಟ್ಟರೆ "ಒಂದು ಆರ್ಗ್ಯುಮೆಂಟ್ ತೆಗೆದುಕೊಳ್ಳುತ್ತದೆ, ಎರಡು ಕೊಟ್ಟಿದ್ದೀರಿ" ಅಂತ ಬೈಯುತ್ತದೆ. ನಾನು ಕೊಟ್ಟಿದ್ದು ಒಂದೇ!

ನೀವು ಕೊಟ್ಟಿದ್ದು ಒಂದೇ, ನಿಜ. ಇನ್ನೊಂದನ್ನು ಪೈಥಾನ್ ಸೇರಿಸಿತು.

ಖಾತೆ ನೂರಿದ್ದರೂ ಹಾಕು ಅನ್ನುವ ಮೆಥಡ್ ಕ್ಲಾಸಿನಲ್ಲಿರುವುದು ಒಂದೇ. ಡೈರಿಯಲ್ಲಿ ಹಾಲು ಅಳೆಯುವವರೂ ಒಬ್ಬರೇ ಅಲ್ವಾ, ಹಾಗೆ. ಯಾರ ಲೆಕ್ಕಕ್ಕೆ ಬರೆಯಬೇಕು ಅಂತ ಅವರಿಗೆ ಹೇಳಬೇಕು. ಅದನ್ನು ಹೇಳುವುದೇ ಸೆಲ್ಫ್. ನೀವು ಮೇಲಿನಮನೆ.ಹಾಕು(4.5) ಅಂತ ಬರೆದರೆ ಪೈಥಾನ್ ಅದನ್ನು ಖಾತೆ.ಹಾಕು(ಮೇಲಿನಮನೆ, 4.5) ಅಂತ ತೆಗೆದುಕೊಳ್ಳುತ್ತದೆ. ಚುಕ್ಕಿಯ ಎಡಗಡೆ ಇದ್ದದ್ದು ಬ್ರಾಕೆಟ್ಟಿನೊಳಗೆ ಮೊದಲ ಜಾಗಕ್ಕೆ ಬಂದು ಕೂತಿತು. ಎರಡನೆಯ ರೀತಿಯಲ್ಲೇ ಬರೆದು ಓಡಿಸಿ ನೋಡಿ, ಕೆಲಸ ಮಾಡುತ್ತದೆ. ಒಮ್ಮೆ ಹಾಗೆ ಕೈಯಾರೆ ಬರೆದರೆ ಸೆಲ್ಫ್ ಬಗ್ಗೆ ಇರುವ ಹೆದರಿಕೆ ಹೋಗುತ್ತದೆ.

ಇನ್ನೊಂದು ತಮಾಷೆ. ಸೆಲ್ಫ್ ಅನ್ನುವುದು ಪೈಥಾನ್‌ನ ಕಾದಿಟ್ಟ ಪದವೇ ಅಲ್ಲ, ಬರೀ ರೂಢಿ. ಆ ಜಾಗದಲ್ಲಿ ಕನ್ನಡದಲ್ಲೇ ನಾನು ಅಂತ ಬರೆಯಬಹುದು. ನಾನು.ಹಾಲು.ಅಪೆಂಡ್(ಲೀಟರ್) ಚೆನ್ನಾಗಿಯೇ ಓಡುತ್ತದೆ. ಕಲಿಯುವಾಗ ಒಂದು ಸಲ ಹೀಗೆ ಬರೆದರೆ ಬೇಗ ತಲೆಗೆ ಹೋಗುತ್ತದೆ ಅಂತ ನನ್ನ ಅನಿಸಿಕೆ. ಆಫೀಸಿನಲ್ಲಿ ಮಾತ್ರ ಹೀಗೆ ಬರೆಯಬೇಡಿ, ಜೊತೆಯವರು ಸಿಟ್ಟಾಗುತ್ತಾರೆ.

ಕನ್ನಡ ಹೆಸರು ಇಡುವವರಿಗೆ ಒಂದು ಗುಂಡಿಯೂ ಇದೆ. ಪಾಸ್‌ಬುಕ್ ಅಂತ ಬರೆಯುವಾಗ ಸಕಾರಕ್ಕೆ ಬಕಾರ ಒತ್ತಾಗದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಹೆಸರಿನೊಳಗೆ ಅದನ್ನು ಪೈಥಾನ್ ಒಪ್ಪುವುದಿಲ್ಲ, ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಸಾಲನ್ನು ಎಷ್ಟು ದಿಟ್ಟಿಸಿದರೂ ತಪ್ಪು ಕಾಣಲ್ಲ. ಅದಕ್ಕೇ ನಾನು ಪಾಸ್‌ಬುಕ್ ಬಿಟ್ಟು ಖಾತೆ ಅಂತ ಇಟ್ಟೆ.

ಪ್ರಶ್ನೆ: ಎಲ್ಲದಕ್ಕೂ ಕ್ಲಾಸ್ ಬರೆಯಲೇಬೇಕಾ? ಇಂಟರ್‌ವ್ಯೂನಲ್ಲಿ ಕ್ಲಾಸ್ ಇಲ್ಲದ ಕೋಡ್ ನೋಡಿ ಮೂಗು ಮುರಿದರು.

ಬೇಡ. ಇನಿಟ್ ಒಂದು, ಇನ್ನೊಂದು ಮೆಥಡ್, ಇಷ್ಟೇ ಇರುವ ಕ್ಲಾಸ್ ಸಾಮಾನ್ಯವಾಗಿ ವೇಷ ಹಾಕಿದ ಫಂಕ್ಷನ್. ಸುಮ್ನೆ ಫಂಕ್ಷನ್ ಬರೆಯಿರಿ.

ಕ್ಲಾಸ್ ಎಲ್ಲಿಂದ ಬಂತು ಅಂತ ನೋಡಿದರೆ ಯಾವಾಗ ಬೇಕು ಅನ್ನುವುದೂ ತಿಳಿಯುತ್ತದೆ. 1960ರ ದಶಕದಲ್ಲಿ ನಾರ್ವೆಯ ಓಸ್ಲೋದಲ್ಲಿ ಡಾಲ್ ಮತ್ತು ನ್ಯೂಗೋರ್ ಅನ್ನುವ ಇಬ್ಬರು ಸಿಮ್ಯುಲಾ ಭಾಷೆ ಮಾಡಿದರು. ಅವರಿಗೆ ಬೇಕಿದ್ದದ್ದು ಸಿಮ್ಯುಲೇಶನ್, ಅಂದರೆ ನಿಜವಾದ ವ್ಯವಸ್ಥೆಯೊಂದನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡುವುದು. ಒಂದೇ ಜಾತಿಯವು ಹಲವಾರು, ಒಂದೊಂದರ ಸ್ಥಿತಿ ಬೇರೆ ಬೇರೆ, ಹೊತ್ತು ಹೋದಂತೆ ಬದಲಾಗುವಂಥದ್ದು. ನಿಮ್ಮ ಕೆಲಸವೂ ಹಾಗಿದ್ದರೆ ಕ್ಲಾಸ್ ಬರೆಯಿರಿ. ಡೈರಿ ಖಾತೆ ಹಾಗಿದೆ. ಒಂದು ಫೈಲ್ ಓದಿ ಮೊತ್ತ ಹೇಳುವ ಕೆಲಸ ಹಾಗಿಲ್ಲ.

ಮಾಹಿತಿ ಇಟ್ಟುಕೊಳ್ಳುವುದೇ ಮುಖ್ಯ, ಮೆಥಡ್ ಕಡಿಮೆ ಅಂದರೆ 2018ರಲ್ಲಿ ಪೈಥಾನ್ 3.7 ಜೊತೆ ಬಂದ ಡೇಟಾಕ್ಲಾಸ್ ನೋಡಿ. ಇನಿಟ್ ಅನ್ನು ಅದೇ ಬರೆದುಕೊಡುತ್ತದೆ. ಮೊದಲ ಪ್ರಶ್ನೆಯ ಕ್ಯಾನ್ ತಪ್ಪನ್ನೂ ಅದು ಬಾಗಿಲಲ್ಲೇ ಹಿಡಿಯುತ್ತದೆ: ಲಿಸ್ಟ್ ಅಂತ ಹೇಳಿದ ಫೀಲ್ಡಿಗೆ ಖಾಲಿ ಲಿಸ್ಟನ್ನು ನೇರವಾಗಿ ಡೀಫಾಲ್ಟ್ ಕೊಟ್ಟರೆ ಎರರ್ ಎಸೆದು ನಿಲ್ಲಿಸುತ್ತದೆ.

ಪ್ರಶ್ನೆ: ಆಬ್ಜೆಕ್ಟ್ ಪ್ರಿಂಟ್ ಮಾಡಿದರೆ ಕ್ಲಾಸಿನ ಹೆಸರು, ಪಕ್ಕದಲ್ಲಿ ಉದ್ದನೆಯ ಅಂಕಿ ಬರುತ್ತದೆ. ಹಾಕಿದ ವಿವರ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ತನ್ನನ್ನು ಹೇಗೆ ತೋರಿಸಿಕೊಳ್ಳಬೇಕು ಅಂತ ನೀವು ಆ ಕ್ಲಾಸಿಗೆ ಹೇಳಿಲ್ಲ, ಅಷ್ಟೇ. ಆಗ ಪೈಥಾನ್ ಮೆಮೊರಿಯಲ್ಲಿ ಅದು ಕೂತಿರುವ ಜಾಗ ಹೇಳಿ ಸುಮ್ಮನಾಗುತ್ತದೆ. ತುಂಬಾ ಜನ __ಎಸ್‌ಟಿಆರ್__ ಬರೆಯುತ್ತಾರೆ. ಪ್ರಿಂಟ್ ಸರಿಯಾಗುತ್ತದೆ. ಆದರೆ ಅದೇ ಖಾತೆಗಳನ್ನು ಲಿಸ್ಟಿನಲ್ಲಿಟ್ಟು ಪ್ರಿಂಟ್ ಮಾಡಿದರೆ ಮತ್ತೆ ಅದೇ ಅಂಕಿ. ಲಿಸ್ಟ್ ತನ್ನೊಳಗಿನದನ್ನು ತೋರಿಸಲು ಕೇಳುವುದು __ರೆಪರ್__ (ಇಂಗ್ಲಿಷಿನಲ್ಲಿ ಆರ್, ಇ, ಪಿ, ಆರ್) ಅನ್ನುವ ಬೇರೆ ಮೆಥಡನ್ನು. ಎರಡರಲ್ಲಿ ಒಂದನ್ನೇ ಬರೆಯುವುದಾದರೆ ರೆಪರ್ ಬರೆಯಿರಿ. ಎಸ್‌ಟಿಆರ್ ಇಲ್ಲದಿದ್ದಾಗ ಪ್ರಿಂಟ್ ಕೂಡ ಅದನ್ನೇ ಬಳಸುತ್ತದೆ.