ಅಡಗಿರುವುದು ಯಾರ ಕಣ್ಣಿಗೆ? ಆಟದ ಮೇಜಿನ ಮೇಲೆ ಸ್ಟೆಲ್ತ್ ನಡೆಸುವ ಬಗೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದಲ್ಲಿ ಸ್ಟೆಲ್ತ್, ಅಂದರೆ ಸುಳಿವು ಕೊಡದೆ ಅಡಗುವ ಕೌಶಲವನ್ನು, ನಡೆಸುವುದು ಹೇಗೆ ಎಂಬ ನಿಮ್ಮ ಪ್ರಶ್ನೆಯಲ್ಲಿ ಎರಡು ತೊಡಕುಗಳಿವೆ. ರೋಗ್ ಎಂಬ ನುಸುಳುಕೋರ ಪಾತ್ರದ ಆಟಗಾರರು ಒಮ್ಮೆ ದಾಳದಲ್ಲಿ ದೊಡ್ಡ ಅಂಕ ಉರುಳಿಸಿದರೆ ಕಾಳಗ ಮುಗಿಯುವವರೆಗೂ ತಾವು ಅಡಗಿಯೇ ಇದ್ದೇವೆಂದು ವಾದಿಸುತ್ತಾರೆ ಎಂಬುದು ಒಂದು. ಅಡಗಿರುವ ಶತ್ರುವಿನ ಗೊಂಬೆಯನ್ನು ನಕ್ಷೆಯ ಮೇಲೆ ಇಟ್ಟರೆ ಗುಟ್ಟು ರಟ್ಟಾಗುತ್ತದೆ, ಇಡದಿದ್ದರೆ ಮೋಸವೆನಿಸುತ್ತದೆ ಎಂಬುದು ಇನ್ನೊಂದು. ಮೈಸೂರಿನಲ್ಲಿ ನಮ್ಮ ತಂಡಕ್ಕೆ ಹಲವು ವರ್ಷಗಳಿಂದ ಡಂಜನ್ ಮಾಸ್ಟರ್ (ಕಥೆಯನ್ನೂ ಶತ್ರುಗಳನ್ನೂ ನಡೆಸುವ ವ್ಯಕ್ತಿ) ಆಗಿರುವ ನನಗೆ ಇವೆರಡರ ಬೇರೂ ಒಂದೇ ಎನಿಸುತ್ತದೆ. ಅಡಗುವಿಕೆಯನ್ನು ನಾವು ಪಾತ್ರಕ್ಕೆ ಅಂಟಿಕೊಂಡ ಗುಣವೆಂದು ಭಾವಿಸುತ್ತೇವೆ. ಆದರೆ ಒಂದೇ ಪಾತ್ರವು ಅದೇ ಕ್ಷಣದಲ್ಲಿ ಒಬ್ಬ ಕಾವಲುಗಾರನಿಗೆ ಅಡಗಿದ್ದು, ಇನ್ನೊಬ್ಬನಿಗೆ ಸ್ಪಷ್ಟವಾಗಿ ಕಾಣುತ್ತಿರಬಹುದು. ಯಾರಿಂದ ಅಡಗಿದ್ದೇವೆ ಎಂದು ಪ್ರತಿ ಬಾರಿಯೂ ಕೇಳಿಕೊಂಡರೆ ಹೆಚ್ಚಿನ ಜಗಳಗಳು ಅಲ್ಲಿಯೇ ತೀರುತ್ತವೆ.

ನೀವು ಆಡುತ್ತಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿ, ಅದರಲ್ಲೂ 2014ರ ನಿಯಮಗಳು. ಕಥೆ ಪಾಂಡವಪುರದ ಕಡೆಯ ಕಬ್ಬಿನ ಗದ್ದೆಗಳ ನಡುವಿನ ಆಲೆಮನೆಯಲ್ಲಿ ನಡೆಯುತ್ತಿದೆ ಎಂದು ಬರೆದಿದ್ದೀರಿ. ಇದಕ್ಕಿಂತ ಒಳ್ಳೆಯ ಜಾಗ ಸಿಗಲಾರದು, ಏಕೆಂದರೆ ಆಳೆತ್ತರ ಬೆಳೆದ ಕಬ್ಬು ಕಣ್ಣಿಗೆ ಪೂರ್ತಿ ಮರೆಯಾದರೂ ಕಾಲಡಿಯ ಒಣಗಿದ ತರಗು ಪ್ರತಿ ಹೆಜ್ಜೆಯನ್ನೂ ಸಾರಿ ಹೇಳುತ್ತದೆ. ಕಾಣದಿರುವುದು ಬೇರೆ, ಕೇಳದಿರುವುದು ಬೇರೆ ಎಂಬುದನ್ನು ಆಟಗಾರರಿಗೆ ಅಲ್ಲಿ ವಿವರಿಸಬೇಕಾಗಿಯೇ ಇಲ್ಲ.

ಈಗ ರೋಗ್ ಗದ್ದೆಯಿಂದ ನುಸುಳಿ ಆಲೆಮನೆಯ ಹಿಂಭಾಗಕ್ಕೆ ಬರುತ್ತಿದ್ದಾನೆ, ಸ್ಟೆಲ್ತ್ ಮೊತ್ತ 15 ಬಂದಿದೆ ಎಂದುಕೊಳ್ಳೋಣ. ನಿಯಮ ಪುಸ್ತಕದ ಸಾಮಾನ್ಯ ಕಾವಲುಗಾರನ ಪ್ಯಾಸಿವ್ ಪರ್ಸೆಪ್ಷನ್, ಅಂದರೆ ದಾಳ ಉರುಳಿಸದೆಯೇ ಸುಳಿವು ಹಿಡಿಯುವ ಅಂಕ, 12. ಅವನಿಗೆ ಇವನ ಸುಳಿವು ಸಿಗುವುದಿಲ್ಲ. ಮಾಸ್ಟಿಫ್ ನಾಯಿಯದು 13, ಆದರೆ ಕಿವಿ ಮತ್ತು ಮೂಗಿನ ವಿಷಯದಲ್ಲಿ ಅದಕ್ಕೆ ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ದೊಡ್ಡದನ್ನು ಎಣಿಸುವ ಅನುಕೂಲ) ಇರುವುದರಿಂದ ಪ್ಯಾಸಿವ್ ಅಂಕಕ್ಕೆ ಐದು ಸೇರಿ 18 ಆಗುತ್ತದೆ. ಆದ್ದರಿಂದ ಕಾವಲುಗಾರನಿಂದ ಅಡಗಿರುವ ಅದೇ ರೋಗ್, ನಾಯಿಯಿಂದ ಅಡಗಿಲ್ಲ. ನಾಯಿ ಬೊಗಳಿದರೆ ಕಾವಲುಗಾರನಿಗೆ ಯಾರೋ ಇದ್ದಾರೆಂದು ತಿಳಿಯುತ್ತದೆ, ಎಲ್ಲಿದ್ದಾರೆಂದು ತಿಳಿಯುವುದಿಲ್ಲ. ಅವನು ತನ್ನ ಸರದಿಯನ್ನು ಹುಡುಕಲು ಬಳಸಿ, ದಾಳ ಉರುಳಿಸಿ, ಆ 15ನ್ನು ಮೀರಬೇಕು. ಗಾಣ ತಿರುಗುತ್ತಿದ್ದರೆ ನಾಯಿಯ ಕಿವಿಯ ಲಾಭವನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಗಾಳಿ ಗದ್ದೆಯ ಕಡೆಯಿಂದ ಬೀಸುತ್ತಿದ್ದರೆ ಮೂಗಿನ ಲಾಭವನ್ನು ಕೊಡುತ್ತೇನೆ. ಈ ಬಗೆಯ ತೀರ್ಮಾನಗಳನ್ನು ದಾಳ ಉರುಳುವ ಮೊದಲೇ ಆಟಗಾರರ ಕಿವಿಗೆ ಹಾಕಿ. ಗಾಳಿ ಯಾವ ಕಡೆಗಿದೆ ಎಂದು ಅವರೇ ಕೇಳತೊಡಗಿದ ದಿನ ನಿಮ್ಮ ಆಟ ಬದಲಾಗುತ್ತದೆ.

ನಿಮ್ಮ ಆಟಗಾರರ ವಾದಕ್ಕೆ ನಿಯಮದಲ್ಲೇ ಉತ್ತರವಿದೆ. ಸ್ಪಷ್ಟವಾಗಿ ನೋಡುತ್ತಿರುವವರ ಎದುರಿಗೆ ಅಡಗಲು ಬರುವುದಿಲ್ಲ. ಮರೆಯಿಂದ ಹೊರಬಂದು ಶತ್ರುವಿನ ಹತ್ತಿರಕ್ಕೆ ನಡೆದರೆ, ಕಾಳಗದಲ್ಲಿ ಎಲ್ಲರೂ ಎಚ್ಚರವಾಗಿರುವುದರಿಂದ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತಾರೆ. ಅಡಗಿದ್ದಲ್ಲಿಂದ ಬಾಣ ಬಿಟ್ಟರೆ ಆ ಹೊಡೆತಕ್ಕೆ ಅಡ್ವಾಂಟೇಜ್ ಸಿಗುತ್ತದೆ, ಆದರೆ ಬಾಣ ತಾಗಲಿ ತಪ್ಪಲಿ ಜಾಗ ಗೊತ್ತಾಗಿಬಿಡುತ್ತದೆ. ಹೀಗಿದ್ದರೂ ಅವರ ಆಸೆಯನ್ನು ಪೂರ್ತಿ ಚಿವುಟಬೇಡಿ. ಎರಡನೇ ಹಂತದಿಂದ ರೋಗ್‌ಗೆ ಬೋನಸ್ ಆಕ್ಷನ್‌ನಲ್ಲೇ (ಸರದಿಯ ಮುಖ್ಯ ಕ್ರಿಯೆಯ ಜೊತೆಗೆ ಸಿಗುವ ಚಿಕ್ಕ ಕ್ರಿಯೆಯಲ್ಲೇ) ಮತ್ತೆ ಅಡಗುವ ಹಕ್ಕಿದೆ, ಅದಕ್ಕೆ ಬೇಕಾದ ಮರೆಯನ್ನು ನಕ್ಷೆಯಲ್ಲಿ ಒದಗಿಸುವುದು ನಿಮ್ಮ ಕೆಲಸ. ಸೌದೆಯ ರಾಶಿ, ಎತ್ತಿನ ಗಾಡಿ, ಸಿಪ್ಪೆಯ ಗುಡ್ಡೆ ಇವನ್ನೆಲ್ಲ ಬರೆದಿಡಿ. 2024ರ ನಿಯಮಗಳಲ್ಲಿ ಅಡಗಲು ಕನಿಷ್ಠ 15 ಬರಬೇಕೆಂದು ನಿಗದಿಯಾಗಿದೆ, ಗೆದ್ದವರಿಗೆ ಇನ್ವಿಸಿಬಲ್ (ಅದೃಶ್ಯ) ಎಂಬ ಸ್ಥಿತಿಯೇ ಸಿಗುತ್ತದೆ. ಲೆಕ್ಕ ಸರಳವಾಯಿತು, ನಿಜ. ಆದರೆ ಮೊದಲು ಹೇಳಿದ ಆ ವೀಕ್ಷಕರ ನಡುವಿನ ವ್ಯತ್ಯಾಸ ಅಲ್ಲಿ ಮಸುಕಾಗುತ್ತದೆ ಎಂಬುದು ನನ್ನ ತಕರಾರು.

ಈ ವ್ಯತ್ಯಾಸವನ್ನು ನನಗೆ ಮೊದಲು ಮನದಟ್ಟು ಮಾಡಿಸಿದ್ದು ಪಾತ್‌ಫೈಂಡರ್ ಎಂಬ ಇಂಥದ್ದೇ ಇನ್ನೊಂದು ಆಟದ ಎರಡನೇ ಆವೃತ್ತಿ. ಅದು ನಾಲ್ಕು ಮೆಟ್ಟಿಲುಗಳನ್ನು ಇಟ್ಟಿದೆ: ಕಾಣುತ್ತಿರುವವನು, ಕಾಣದಿದ್ದರೂ ಎಲ್ಲಿದ್ದಾನೆಂದು ತಿಳಿದಿರುವವನು, ಇದ್ದಾನೆಂದು ಶಂಕೆಯಿದ್ದರೂ ಎಲ್ಲೆಂದು ತಿಳಿಯದವನು, ಇದ್ದಾನೆಂಬುದೇ ತಿಳಿಯದವನು. ನೀವು ಆಟವನ್ನು ಬದಲಾಯಿಸಬೇಕಿಲ್ಲ. ಒಂದು ಹಾಳೆಯಲ್ಲಿ ಪ್ರತಿ ವೀಕ್ಷಕನ ಹೆಸರಿನ ಮುಂದೆ ಈ ನಾಲ್ಕರಲ್ಲಿ ಒಂದನ್ನು ಬರೆದುಕೊಂಡು, ಸನ್ನಿವೇಶ ಬದಲಾದಂತೆ ತಿದ್ದುತ್ತಾ ಹೋದರೆ ಸಾಕು.

ಎರಡನೆಯ ತೊಡಕಿಗೂ ಅದೇ ಹಾಳೆ ಸಾಲುತ್ತದೆ. ಶತ್ರು ಮೂರನೇ ಮೆಟ್ಟಿಲಿಗೆ ಇಳಿದ ಕೂಡಲೇ ಗೊಂಬೆಯನ್ನು ತೆಗೆದು, ಕೊನೆಯದಾಗಿ ಕಂಡ ಜಾಗದಲ್ಲಿ ಒಂದು ಹುಣಸೆಬೀಜ ಇಡಿ; ನಿಜವಾದ ಜಾಗವನ್ನು ಪರದೆಯ ಹಿಂದಿರುವ ನಿಮ್ಮ ಚೌಕುಳಿ ಹಾಳೆಯಲ್ಲಿ ಗುರುತು ಮಾಡಿ. ಪ್ರಾಮಾಣಿಕತೆಯ ಪ್ರಶ್ನೆ ಬಂದರೆ ಆಟ ಮುಗಿದ ಮೇಲೆ ಆ ಹಾಳೆಯನ್ನೇ ತೋರಿಸಬಹುದು. ಆಟಗಾರರು ಊಹೆಯ ಮೇಲೆ ಒಂದು ಚೌಕಕ್ಕೆ ಹೊಡೆದರೆ ಅವರಿಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳಗಳಲ್ಲಿ ಚಿಕ್ಕದನ್ನು ಎಣಿಸುವ ಅನನುಕೂಲ) ಇರುತ್ತದೆ, ಮತ್ತು ಶತ್ರು ಆ ಚೌಕದಲ್ಲಿ ಇಲ್ಲದಿದ್ದರೆ ಹೊಡೆತ ತಾನಾಗಿಯೇ ತಪ್ಪುತ್ತದೆ. ದಾಳ ಸಾಲದೆ ತಪ್ಪಿದರೂ, ಚೌಕ ಖಾಲಿಯಿದ್ದು ತಪ್ಪಿದರೂ ನೀವು ಹೇಳಬೇಕಾದದ್ದು ತಪ್ಪಿತು ಎಂದಷ್ಟೇ. ಊಹೆ ಸರಿಯಿತ್ತೇ ಎಂಬುದನ್ನು ಬಿಟ್ಟುಕೊಡಬಾರದು. ಹಾಗೆಯೇ, ಎಲ್ಲರೂ ಪರ್ಸೆಪ್ಷನ್ ಉರುಳಿಸಿ ಎಂದು ಕೇಳುವುದನ್ನು ನಿಲ್ಲಿಸಿ, ಏಕೆಂದರೆ ಆ ಮಾತೇ ಎಚ್ಚರಿಕೆಯ ಗಂಟೆಯಾಗುತ್ತದೆ. ಪಾತ್ರಗಳ ಪ್ಯಾಸಿವ್ ಅಂಕಗಳು ನಿಮ್ಮ ಬಳಿ ಇದ್ದರೆ ಶತ್ರುವಿನ ಸ್ಟೆಲ್ತ್ ಅನ್ನು ನೀವೇ ಉರುಳಿಸಿ ಹೋಲಿಸಬಹುದು.

ಆದರೂ ಏನೂ ಹೇಳದೆ ಕೂರುವುದು ಅನ್ಯಾಯ. 1983ರಲ್ಲಿ ಬಂದ ಸ್ಕಾಟ್‌ಲೆಂಡ್ ಯಾರ್ಡ್ ಎಂಬ ಬೋರ್ಡ್ ಆಟದಲ್ಲಿ ತಲೆಮರೆಸಿಕೊಂಡ ಮಿಸ್ಟರ್ ಎಕ್ಸ್ ನಿಗದಿತ ಸರದಿಗಳಲ್ಲಿ ಮಾತ್ರ ಪ್ರಕಟನಾಗುತ್ತಾನೆ, ಆದರೆ ಉಳಿದ ಸರದಿಗಳಲ್ಲೂ ಅವನು ಯಾವ ಬಗೆಯ ವಾಹನ ಹಿಡಿದನೆಂಬುದು ಬಹುಮಟ್ಟಿಗೆ ಎಲ್ಲರಿಗೂ ತಿಳಿಯುತ್ತದೆ. ಹುಡುಕುವವರ ಸುಖವೆಲ್ಲ ಆ ಅರೆಬರೆ ಸುಳಿವಿನಲ್ಲಿದೆ. ಆದ್ದರಿಂದ ಅಡಗಿದ ಶತ್ರುವಿನ ಪ್ರತಿ ಸರದಿಯಲ್ಲೂ ಒಂದು ನಿಜವಾದ ಸುಳಿವನ್ನು ಕೊಡಿ: ಎಡಗಡೆಯ ಸಾಲಿನಲ್ಲಿ ಕಬ್ಬಿನ ಸೋಗೆ ಅಲುಗಿತು, ಕೊಪ್ಪರಿಗೆಯ ಆಚೆ ಹೊಗೆ ಒಂದು ಕ್ಷಣ ಒಡೆಯಿತು, ಕಾಲುವೆಯ ಕಪ್ಪೆಗಳು ಇದ್ದಕ್ಕಿದ್ದಂತೆ ಸುಮ್ಮನಾದವು. ಎಷ್ಟು ಜನ ಶತ್ರುಗಳಿದ್ದಾರೆ ಎಂಬುದನ್ನು ಮಾತ್ರ ಹೇಳಬೇಡಿ.