ಅಮ್ಮನ ಮಂಡಿನೋವಿಗೆ ಕಾಂಬಿಫ್ಲಾಮಾ, ಡೋಲೋನಾ? ಯಾವುದರ ಸೈಡ್ ಎಫೆಕ್ಟ್ ಕಡಿಮೆ?

ನೀವು ಬರೆದದ್ದು ಇಷ್ಟು: ಅಮ್ಮನಿಗೆ 62 ವರ್ಷ, ಎರಡೂ ಮಂಡಿ ನೋವು, ಬಿಪಿಗೆ ದಿನಾ ಟೆಲ್ಮಾ-ಎಚ್. ನೋವು ಜಾಸ್ತಿಯಾದಾಗ ಕಾಂಬಿಫ್ಲಾಮ್ ತಂದು ಕೊಡುತ್ತೀರಿ. ಅದರ ಬದಲು ಡೋಲೋ 650 ಕೊಟ್ಟರೆ ವಾಸಿಯಾ ಅಂತ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಮೆಡಿಕಲ್ ಶಾಪಿನಲ್ಲಿ ಇವೇ ಮಾತ್ರೆ ಕೊಡೋದು ನನ್ನ ಕೆಲಸ. ನಿಮ್ಮ ಅಮ್ಮನಿಗೆ ಕಾಂಬಿಫ್ಲಾಮ್ ಬೇಡ. ಡೋಲೋ ಪರವಾಗಿಲ್ಲ. ಆದರೆ ಅದಕ್ಕೂ ಮೊದಲು ಹಚ್ಚುವ ಜೆಲ್ ನೋಡಿ.

ಕೌಂಟರಿಗೆ ಬರುವವರು ಕೇಳೋದು "ಇದು ಹೀಟಾ? ಪವರ್ ಜಾಸ್ತಿನಾ?" ಅಂತ. ಡೋಲೋ ತಿಂದು ಉಷ್ಣವಾಯ್ತು ಅಂತ ಮಜ್ಜಿಗೆ ಕುಡಿಯುವವರು ಎಷ್ಟೋ ಜನ. ಕುಡಿಯಲಿ, ನಷ್ಟವೇನಿಲ್ಲ. ಆದರೆ ಮೊದಲು ಕೇಳಬೇಕಾದದ್ದು ಅದಲ್ಲ. ಈ ಮನುಷ್ಯ ಬೇರೆ ಯಾವ ಮಾತ್ರೆ ತಗೊಳ್ಳುತ್ತಿದ್ದಾರೆ ಅನ್ನೋದು.

ಕಾಂಬಿಫ್ಲಾಮ್‌ನಲ್ಲಿ ಇರೋದು ಐಬುಪ್ರೊಫೆನ್ 400 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಮೆಫೆನಾಮಿಕ್ ಆ್ಯಸಿಡ್ ಎಲ್ಲ ಒಂದೇ ಮನೆಯವು. ನಮ್ಮ ಮೈಯಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನೋ ವಸ್ತು ತಯಾರಾಗೋದನ್ನು ಇವು ತಡೆಯುತ್ತವೆ. ನೋವು, ಊತ ತರೋದು ಅದೇ. ಹೊಟ್ಟೆಯ ಒಳಪದರ ಕಾಯೋದೂ, ಕಿಡ್ನಿಗೆ ಹೋಗುವ ರಕ್ತನಾಳ ಬಿಗಿಯಾಗದಂತೆ ನೋಡಿಕೊಳ್ಳೋದೂ ಅದೇ. ನೋವಿನ ಜೊತೆ ಈ ಕಾವಲೂ ಹೋಗುತ್ತದೆ.

ಈಗ ಟೆಲ್ಮಾ-ಎಚ್‌ಗೆ ಬನ್ನಿ. ಅದರಲ್ಲಿ ಎರಡು ಔಷಧಿ ಇವೆ. ಟೆಲ್ಮಿಸಾರ್ಟನ್ ಕಿಡ್ನಿಯ ಸೋಸುವ ಜಾಗದಿಂದ ರಕ್ತ ಹೊರಗೆ ಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಆ 'ಎಚ್' ಅಂದರೆ ಹೈಡ್ರೋಕ್ಲೋರೋಥಯಾಜೈಡ್, ಮೂತ್ರ ಜಾಸ್ತಿ ಮಾಡಿಸಿ ಮೈಯ ನೀರು ಇಳಿಸುತ್ತದೆ. ಇವೆರಡೇ ಇದ್ದರೆ ತೊಂದರೆಯಿಲ್ಲ, ಬಿಪಿಗೆ ಒಳ್ಳೆಯ ಮಾತ್ರೆ. ಇದರ ಮೇಲೆ ಐಬುಪ್ರೊಫೆನ್ ಬಂದು ಒಳಗೆ ಬರುವ ನಾಳವನ್ನು ಬಿಗಿ ಮಾಡಿದರೆ? ಸೋಸೋದಕ್ಕೆ ಬೇಕಾದ ಒತ್ತಡವೇ ಬಿದ್ದುಹೋಗುತ್ತದೆ. ಬೇಸಿಗೆಯಲ್ಲಿ, ಇಲ್ಲವೇ ವಾಂತಿ-ಭೇದಿಯಾಗಿ ಮೈಯಲ್ಲಿ ನೀರಿಲ್ಲದಾಗ ಅಪಾಯ ಇನ್ನೂ ಹೆಚ್ಚು. ಒಂದು ಮಾತ್ರೆ ತಿಂದ ತಕ್ಷಣ ಕಿಡ್ನಿ ಹೋಗುತ್ತೆ ಅಂತಲ್ಲ. ವಾರಗಟ್ಟಲೆ ತಿನ್ನೋದು ಕಷ್ಟ. ಈ ಗುಂಪಿನ ಮಾತ್ರೆಗಳು ಬಿಪಿಯನ್ನೂ ಏರಿಸುತ್ತವೆ. ಬಿಪಿ ಮಾತ್ರೆ ಹಿಡಿಯುತ್ತಿಲ್ಲ ಅಂತ ಬರುವವರನ್ನು ಮಂಡಿಗೇನು ತಿಂತೀರಾ ಅಂತ ಕೇಳಿದರೆ ಎಷ್ಟೋ ಸಲ ಅಲ್ಲೇ ಉತ್ತರ ಸಿಗುತ್ತದೆ.

ಬೆಳಿಗ್ಗೆ ಗ್ಯಾಸ್ ಮಾತ್ರೆ ತಗೊಂಡರೆ ಸಾಕಲ್ವಾ ಅಂತ ಕೇಳಬಹುದು. ಪ್ಯಾನ್-40 ಹೊಟ್ಟೆಯನ್ನು ಕಾಯುತ್ತದೆ, ಕಿಡ್ನಿಯನ್ನಲ್ಲ. ಊಟ ಮಾಡಿ ತಗೊಂಡರೆ ಉರಿ ಕಡಿಮೆಯಾಗಬಹುದು. ಆದರೆ ಮಾತ್ರೆ ರಕ್ತಕ್ಕೆ ಸೇರಿದ ಮೇಲೂ ಹೊಟ್ಟೆಯ ಕಾವಲನ್ನು ತೆಗೆಯುವುದರಿಂದ ಹುಣ್ಣಾಗೋದು ಅಷ್ಟರಿಂದಲೇ ತಪ್ಪೋದಿಲ್ಲ.

ಒಂದು ಅಡ್ಡ ಮಾತು. ದನಗಳಿಗೆ ಡೈಕ್ಲೋಫೆನಾಕ್ ಚುಚ್ಚುತ್ತಿದ್ದ ಕಾಲದಲ್ಲಿ, ಅವುಗಳ ಹೆಣ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವು. ದೇಶದಲ್ಲಿ ರಣಹದ್ದು ಹೆಚ್ಚುಕಡಿಮೆ ಖಾಲಿಯಾದ ಮೇಲೆ, 2006ರಲ್ಲಿ ದನಗಳಿಗೆ ಆ ಔಷಧಿ ನಿಷೇಧವಾಯಿತು. ನಮ್ಮ ರಾಮನಗರದ ಬೆಟ್ಟದಲ್ಲಿ ರಣಹದ್ದು ಧಾಮ ಮಾಡಬೇಕಾಗಿ ಬಂದದ್ದರ ಹಿಂದೆಯೂ ಈ ಕಥೆ ಇದೆ. ಮನುಷ್ಯರ ಕಿಡ್ನಿ ಹದ್ದಿನಷ್ಟು ಸೂಕ್ಷ್ಮ ಅಲ್ಲ, ಹೆದರಬೇಡಿ. ಆದರೂ "ಬರೀ ನೋವಿನ ಮಾತ್ರೆ ತಾನೇ" ಅಂತ ಯಾರಾದರೂ ಅಂದಾಗ ನನಗೆ ಅದೇ ನೆನಪಾಗೋದು.

ಇನ್ನು ಡೋಲೋ 650. ಅದರಲ್ಲಿ ಇರೋದು ಬರೀ ಪ್ಯಾರಾಸಿಟಮಾಲ್, 650 ಮಿಲಿಗ್ರಾಂ. ಪ್ಯಾರಾಸಿಟಮಾಲ್ ಹೊಟ್ಟೆಗೂ ಕಿಡ್ನಿಗೂ ಸೌಮ್ಯ. ಅಳತೆ ಮೀರಿದರೆ ಏಟು ಬೀಳೋದು ಲಿವರಿಗೆ. ಆರೋಗ್ಯವಂತ ದೊಡ್ಡವರಿಗೆ 24 ಗಂಟೆಯಲ್ಲಿ 4000 ಮಿಲಿಗ್ರಾಂ ಮೇಲ್ಮಿತಿ. ವಯಸ್ಸಾದವರಿಗೆ, ತೂಕ ಕಡಿಮೆ ಇರುವವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ. ನಿಮ್ಮ ಅಮ್ಮನಿಗೆ ಲಿವರ್ ತೊಂದರೆ ಇಲ್ಲದಿದ್ದರೆ ನೋವಿದ್ದ ದಿನ ಒಂದೊಂದರಂತೆ 3 ಸಲ ಸಾಕು, ನಡುವೆ 6 ಗಂಟೆಯಾದರೂ ಬಿಡುವು ಇರಲಿ.

ಮಿತಿ ಮೀರೋದು ಹೇಗೆ ಗೊತ್ತಾ? ಒಬ್ಬರು ತಾಯಿಯ ಮಾತ್ರೆ ಡಬ್ಬಿ ತಂದು ಕೌಂಟರ್ ಮೇಲೆ ಸುರಿದರು. ಜ್ವರಕ್ಕೆ ಡೋಲೋ ದಿನಕ್ಕೆ 3, ಅಂದರೆ 1950. ನೆಗಡಿ ಮಾತ್ರೆ ದಿನಕ್ಕೆ 3, ಒಂದೊಂದರಲ್ಲೂ ಪ್ಯಾರಾಸಿಟಮಾಲ್ 500, ಅಲ್ಲಿಗೆ 1500. ಜೊತೆಗೆ ಯಾವುದೋ ಅಂಗಡಿಯಲ್ಲಿ ಕತ್ತರಿಸಿ ಕೊಟ್ಟ ಸ್ಟ್ರಿಪ್ಪಿನ ತುಂಡು. ಹೆಸರೆಲ್ಲ ಕತ್ತರಿಗೆ ಹೋಗಿ 'ಡಾಲ್-ಪಿ' ಅಂತಷ್ಟೇ ಉಳಿದಿತ್ತು. ಝೀರೋಡಾಲ್-ಪಿ, ಸೊಂಟನೋವಿಗಂತೆ. ಆ 'ಪಿ' ಪ್ಯಾರಾಸಿಟಮಾಲೇ, 325. ದಿನಕ್ಕೆ ಎರಡು ಅಂದರೆ 650. ಕೂಡಿಸಿದರೆ 4100. ಮೂರು ಕಾಯಿಲೆಗೆ ಮೂರು ಮಾತ್ರೆ ಅಂತ ಅವರ ಲೆಕ್ಕ, ಲಿವರಿಗೆ ಎಲ್ಲವೂ ಒಂದೇ. ಪ್ಯಾರಾಸಿಟಮಾಲ್ ತೀರಾ ಜಾಸ್ತಿಯಾದರೆ ಮೊದಲ ದಿನ ವಾಕರಿಕೆ ಬಿಟ್ಟು ಏನೂ ಕಾಣದೇ ಇರಬಹುದು. ಕಣ್ಣು ಹಳದಿಯಾಗುವ ಹೊತ್ತಿಗೆ ಲಿವರ್ ಕೆಟ್ಟಿರುತ್ತದೆ.

ಸವೆದ ಮಂಡಿಗೆ ಡೋಲೋ ಅಷ್ಟೇನೂ ಕೆಲಸ ಮಾಡೋದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅದಕ್ಕೇ ಜೆಲ್ ಅಂದದ್ದು. ಡೈಕ್ಲೋಫೆನಾಕ್ ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರೋದು ಮಾತ್ರೆಗೆ ಹೋಲಿಸಿದರೆ ತೀರಾ ಕಡಿಮೆ, ಮಂಡಿಗೆ ಬೇಕಾದಷ್ಟು ಸಿಗುತ್ತದೆ. ಎರಡು ವಾರ ಬಿಡದೆ, ಟ್ಯೂಬಿನ ಮೇಲೆ ಬರೆದಷ್ಟು ಸಲ ಹಚ್ಚಿ ನೋಡಿ. ನೋವು ಬಂದ ದಿನ ಮಾತ್ರ ಒಂದು ಚೂರು ಸವರಿದರೆ ಪ್ರಯೋಜನವಿಲ್ಲ. ಹಚ್ಚಿದ ಮೇಲೆ ಬಿಸಿ ಶಾಖ ಕೊಡಬೇಡಿ.

ಅಮ್ಮನಿಗೆ ಇಕೋಸ್ಪ್ರಿನ್ (ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡುವ ಆಸ್ಪಿರಿನ್) ಕೂಡ ಇದ್ದರೆ ಐಬುಪ್ರೊಫೆನ್ ಇನ್ನೂ ಬೇಡ. ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ, ಹೃದಯಕ್ಕೆಂದು ಕೊಟ್ಟ ಇಕೋಸ್ಪ್ರಿನ್ ಕೆಲಸಕ್ಕೂ ಅದು ಅಡ್ಡ ಬರುತ್ತದೆ. ಮಳೆಗಾಲದಲ್ಲಿ ಮನೆಯಲ್ಲಿ ಯಾರಿಗೇ ಜ್ವರ ಬರಲಿ, ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಕಾಂಬಿಫ್ಲಾಮ್ ಮುಟ್ಟಬೇಡಿ, ಪ್ಯಾರಾಸಿಟಮಾಲ್ ಮಾತ್ರ.

ಇಷ್ಟು ದಿನ ಕಾಂಬಿಫ್ಲಾಮ್ ಆಗಾಗ ತಗೊಂಡಿದ್ದಾರಲ್ಲ, ಮುಂದಿನ ಸಲ ಬಿಪಿ ತೋರಿಸೋದಕ್ಕೆ ಹೋದಾಗ ಡಾಕ್ಟರಿಗೆ ಹೇಳಿ ಕ್ರಿಯಾಟಿನಿನ್ ಟೆಸ್ಟ್ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತಪರೀಕ್ಷೆ) ಮಾಡಿಸಿ. ಟೆಲ್ಮಾ-ಎಚ್ ಅನ್ನು ನೀವಾಗಿ ನಿಲ್ಲಿಸಬೇಡಿ. ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಮಲ ಟಾರಿನ ಹಾಗೆ ಕಪ್ಪಾದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಐರನ್ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ಅದು ನಡೀತಿದ್ದರೆ ಅಲ್ಲಿ ಹೇಳಿ.